ಒರೆಸಪ್ಪನವರು ಗಾಗಲ್ಸ್ ಆರಿಸಿದ್ದು

ನಮ್ಮ ಭಾವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಒರೆಸಪ್ಪ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಅವರದು ಕನ್ನಡಕದ ಅಂಗಡಿ. ನಿಂತು ಮಾತಾಡುತ್ತಿರುವವರ ಕನ್ನಡಕದ ಮೇಲೆ ಒಂದು ಬೆರಳಿನ ಗುರುತು ಕಂಡರೆ ಸಾಕು, ಭಾವನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಕೈ ತಾನಾಗಿ ಮುಂದೆ ಹೋಗಿ ಆ ಮನುಷ್ಯನ ಮುಖದಿಂದ ಕನ್ನಡಕ ಕಳಚುತ್ತದೆ. ಬಾಯಿಂದ ಒಂದು ‘ಹಾ’, ಜೇಬಿನ ಬಟ್ಟೆಯಿಂದ ನಾಲ್ಕು ಉಜ್ಜು, ಬೆಳಕಿಗೆ ಹಿಡಿದು ಒಂದು ನೋಟ, ಮತ್ತೆ ಮೂಗಿನ ಮೇಲೆ. ಬ್ಯಾಂಕಿನ ಮ್ಯಾನೇಜರಾದರೂ ಅಷ್ಟೇ, ರಸ್ತೆಯಲ್ಲಿ ಗಾಡಿ ತಡೆದ ಪೊಲೀಸಿನವರಾದರೂ ಅಷ್ಟೇ. ಒಮ್ಮೆ ಸಾವಿನ ಮನೆಯಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದ ಹೆಂಗಸಿನ ಕನ್ನಡಕವನ್ನೂ ಕಳಚಿ ಒರೆಸಿ ಕೊಟ್ಟರು. ಆಕೆಗೆ ಹೆಣ ಇನ್ನೂ ಚೆನ್ನಾಗಿ ಕಂಡಿರಬೇಕು, ಇನ್ನಷ್ಟು ಜೋರಾಗಿ ಅತ್ತಳು. ಭಾವ ತೃಪ್ತಿಯಿಂದ ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡರು.

ನಾನು ಅವರ ಹೆಂಡತಿಯ ತಮ್ಮ. ಅಂಗಡಿಯ ಹಿಂದಿನ ಮೇಜಿನಲ್ಲಿ ಕೂತು ಸಡಿಲಾದ ಫ್ರೇಮುಗಳಿಗೆ ಸ್ಕ್ರೂ ಬಿಗಿಯುವುದು, ಮುರಿದ ಕಡ್ಡಿ ಬದಲಾಯಿಸುವುದು ನನ್ನ ಕೆಲಸ. ಬೇರೆಲ್ಲೂ ನೆಟ್ಟಗೆ ನಿಲ್ಲಲಾರದೆ ಇಲ್ಲಿ ಬಂದು ಕೂತವನು ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಅಂಗಡಿಯಲ್ಲಿ ಭಾವನ ಮೇಲೆ ಒಂದು ಕಣ್ಣಿಡಲು ಯಾರಾದರೂ ಬೇಕಲ್ಲ.

ಕಣ್ಣಿನ ಮಾತು ಬಂತು, ಹೇಳಿಬಿಡುತ್ತೇನೆ. ಭಾವನಿಗೆ ಎಡಗಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಯಾರೋ ಕವಣೆಯಿಂದ ಹಕ್ಕಿಗೆ ಬೀಸಿದ ಕಲ್ಲು ಹಕ್ಕಿಯನ್ನು ಬಿಟ್ಟು ಇವರಿಗೆ ಬಿತ್ತು. ಗಾಯ ಮಾಯಿತು, ಕಣ್ಣು ನೋಡುವವರಿಗೆ ಚೆನ್ನಾಗಿಯೇ ಉಳಿಯಿತು, ಅದರೊಳಗಿನ ನೋಟ ಮಾತ್ರ ಹೋಯಿತು. ಮದುವೆಗೆ ಮೊದಲೇ ಅಕ್ಕನಿಗೆ ಹೇಳಿದ್ದರು. ಬಾಯಿ ಬಿಟ್ಟರೆ ಹಲ್ಲು ಉದುರಿಸುತ್ತೇನೆ ಎಂದು ಹೆದರಿಸಿ ಅಕ್ಕ ನನಗೆ ಹೇಳಿದಳು. ಗುಟ್ಟು ಅಲ್ಲಿಗೆ ನಿಂತಿತು. ಒಕ್ಕಣ್ಣನ ಹತ್ತಿರ ಕಣ್ಣು ತೋರಿಸಿಕೊಳ್ಳೋಕೆ ಯಾರು ಬರ್ತಾರೆ ಎನ್ನುವುದು ಭಾವನ ಹೆದರಿಕೆ. ಗಿರಾಕಿಗಳಿಗೆ ಕುರ್ಚಿ ಹಾಕುವುದು ಯಾವಾಗಲೂ ತಮ್ಮ ಬಲಗಡೆಗೇ. ಚಹಾ ಬಗ್ಗಿಸುವಾಗ ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಬಗ್ಗಿಸುತ್ತಾರೆ, ಇಲ್ಲವಾದರೆ ಅಂದಾಜು ತಪ್ಪಿ ಚಹಾ ಮೇಜಿಗೆ ಹೋಗುತ್ತದೆ. ಬೀದಿಯವರು ಇದನ್ನೆಲ್ಲ ಅಚ್ಚುಕಟ್ಟು ಅಂದುಕೊಂಡು ತಮ್ಮ ಮಕ್ಕಳಿಗೆ ಉದಾಹರಣೆ ಕೊಡುತ್ತಾರೆ.

ಮಗಳಿಗೂ ಹೇಳಿರಲಿಲ್ಲ. ಒಬ್ಬಳೇ ಮಗಳು. ಶಾಲೆಗೆ ಸೇರಿದ ವರ್ಷವೇ ಅವಳಿಗೆ ಸೀಸೆಯ ತಳದಂಥ ದಪ್ಪ ಕನ್ನಡಕ ಬಂತು. ನನಗೆ ಕಣ್ಣು ಹೋಗಿಬಿಡುತ್ತಾ ಅಂತ ರಚ್ಚೆ ಹಿಡಿದಳು. ಭಾವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನೋಡಿಲ್ಲಿ, ನನ್ನ ಎರಡು ಕಣ್ಣೂ ಎಷ್ಟು ಚೆನ್ನಾಗಿವೆ! ನೀನು ನನ್ನ ಮಗಳಲ್ವಾ? ನಿಂಗೇನೂ ಆಗಲ್ಲ,” ಅಂದರು. ಮಗುವಿಗೆ ಸಮಾಧಾನವಾಯಿತು. ಒಮ್ಮೆ ಹಾಗಂದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದು ಭಾವನಿಂದ ಆಗಲಿಲ್ಲ.

ಹುಡುಗಿ ಅಂಗಡಿಯಲ್ಲೇ ಬೆಳೆದಳು. ಗಿರಾಕಿಗಳಿಲ್ಲದ ಮಧ್ಯಾಹ್ನ ಅವಳು ಕಣ್ಣಿನ ಡಾಕ್ಟರು, ನಾನೂ ಭಾವನೂ ರೋಗಿಗಳು. ಒಂದು ಕಣ್ಣಿಗೆ ಕಪ್ಪು ರಟ್ಟು ಮುಚ್ಚಿ, ಗೋಡೆಯ ಅಕ್ಷರದ ಬೋರ್ಡು ಓದಿಸಿ, ನನಗೆ ಮಾತ್ರ ಯಾವಾಗಲೂ ಆಪರೇಷನ್ ಬರೆದುಕೊಡುತ್ತಿದ್ದಳು. ಒಂದು ದಿನ ಆ ಆಟವನ್ನು ಇದ್ದಕ್ಕಿದ್ದಂತೆ ಬಿಟ್ಟಳು. ಮಕ್ಕಳಿಗೆ ಬೇಜಾರು ಬರಲು ಎಷ್ಟು ಹೊತ್ತು ಅಂದುಕೊಂಡೆವು. ಆಮೇಲೆ ಬೆಳೆದಂತೆಲ್ಲ ಹಟಮಾರಿಯಾದಳು. ಬೀದಿಯಲ್ಲಿ ನಡೆಯುವಾಗ ಅಪ್ಪನ ಎಡಗಡೆಯ ಜಾಗ ಅವಳಿಗೇ ಬೇಕು. ಇನ್ಯಾರಾದರೂ ಆ ಕಡೆ ಹೋದರೆ ಮೊಣಕೈಯಿಂದ ತಿವಿದು ಸರಿಸುತ್ತಾಳೆ. ನನ್ನ ಪಕ್ಕೆಗೆ ಆ ಮೊಣಕೈಯ ಪರಿಚಯ ಚೆನ್ನಾಗಿದೆ.

ಅವಳೀಗ ಲಿಫ್ಟು ರಿಪೇರಿಯ ಕಂಪನಿಯೊಂದರಲ್ಲಿ ಎಂಜಿನಿಯರು. ವಾರವೆಲ್ಲ ಲಿಫ್ಟಿನ ಗುಂಡಿಗಳಿಗೆ ಇಳಿದು ಹತ್ತುವವಳು ಭಾನುವಾರವಾದರೂ ಹೊದ್ದು ಮಲಗಬಾರದೇ? ಇಲ್ಲ. ಜೊತೆಯ ಕೆಲಸದವರನ್ನು ಕಟ್ಟಿಕೊಂಡು ಊರಾಚೆ ಮುಚ್ಚಿಹೋಗಿರುವ ಬಿಸ್ಕತ್ತು ಕಾರ್ಖಾನೆಗೆ ಹೋಗಿ ಏರ್‌ಸಾಫ್ಟ್ ಆಡಬೇಕು. ನಿಜದ ಬಂದೂಕಿನ ಹಾಗೇ ಕಾಣುವ ಆಟದ ಬಂದೂಕು, ಅದರಿಂದ ಹಾರುವುದು ಬಟಾಣಿಗಿಂತ ಚಿಕ್ಕ ಪ್ಲಾಸ್ಟಿಕ್ ಮಣಿ. ಎರಡು ತಂಡದವರು ಕಂಬದ ಮರೆಯಲ್ಲಿ, ಯಂತ್ರದ ಮರೆಯಲ್ಲಿ ಅಡಗಿಕೊಂಡು ಒಬ್ಬರಿಗೊಬ್ಬರು ಹೊಡೆಯುತ್ತಾರೆ. ಬಿದ್ದರೆ ಚುರುಕ್ಕೆನ್ನುತ್ತದೆ, ಆದರೆ ಬಟ್ಟೆಯ ಮೇಲೆ ಗುರುತು ಉಳಿಯುವುದಿಲ್ಲ. ಹಾಗಾಗಿ ಏಟು ಬಿದ್ದವರೇ ಕೈಯೆತ್ತಿ “ತಗುಲಿತು” ಎಂದು ಕೂಗಿ ಆಚೆ ಹೋಗಬೇಕು. ಬೇರೆ ಯಾರೂ ನೋಡಿರದಿದ್ದರೂ ತಾನಾಗಿ ಒಪ್ಪಿಕೊಳ್ಳಬೇಕು. ಆ ಆಟ ನಿಂತಿರುವುದೇ ಈ ಪ್ರಾಮಾಣಿಕತೆಯ ಮೇಲೆ ಎಂದು ಅವಳು ವಿವರಿಸಿದಾಗ ಭಾವ ತಲೆದೂಗಿ, “ಬಹಳ ಒಳ್ಳೆ ಪದ್ಧತಿ,” ಅಂದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಗೋಡೆ ನೋಡಿದಳು.

“ಅಪ್ಪ, ನಂಗೊಂದು ಒಳ್ಳೆ ಗಾಗಲ್ಸ್ ಆರಿಸಿಕೊಡು,” ಅಂದಳು ಮಗಳು. “ಅಲ್ಲಿ ಬಾಡಿಗೆಗೆ ಕೊಡೋದು ಕನ್ನಡಕದ ಮೇಲೆ ಕೂರೋದೇ ಇಲ್ಲ.”

ಅಷ್ಟೇ ಸಾಕಾಯಿತು. ಫೋನಿನಿಂದ ಹಿಡಿದು ಬಟ್ಟೆಯವರೆಗೆ ಎಲ್ಲವನ್ನೂ ತಾನೇ ಆರಿಸಿಕೊಳ್ಳುವ ಮಗಳು ತಮ್ಮನ್ನು ಒಂದು ಮಾತು ಕೇಳಿದ್ದಾಳೆ! ಮಾರನೆಯ ದಿನದಿಂದ ಅಂಗಡಿಯ ಹಿಂದಿನ ಕೋಣೆ ಯುದ್ಧಭೂಮಿಯಾಯಿತು. ಕನ್ನಡಕ ತೋರಿಸಲೆಂದು ಹಲಗೆಯ ಮೇಲೆ ಒಂದು ಮರದ ತಲೆ ಇಟ್ಟಿದ್ದೇವೆ. ನೋಡಲು ಥೇಟ್ ನಮ್ಮ ದೊಡ್ಡಪ್ಪನ ಹಾಗಿದೆ, ನಾನು ಅದನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಆ ದೊಡ್ಡಪ್ಪನನ್ನು ಸ್ಟೂಲಿನ ಮೇಲಿಟ್ಟು, ಕಣ್ಣಿನ ಜಾಗಕ್ಕೆ ಬಿಳಿ ಕಾಗದ ಅಂಟಿಸಿ, ಒಂದೊಂದೇ ಬಗೆಯ ಗಾಗಲ್ಸ್ ಹಾಕಿ, ಮಗಳು ತಂದುಕೊಟ್ಟ ಬಂದೂಕಿನಿಂದ ನಾನು ಹೊಡೆಯಬೇಕು. ಕಾಗದ ತಗ್ಗಾಯಿತೋ ಹರಿಯಿತೋ ಎಂದು ಭಾವ ಭೂತಗನ್ನಡಿಯಲ್ಲಿ ನೋಡುತ್ತಾರೆ. ಚಿಕ್ಕಂದಿನಲ್ಲಿ ದೊಡ್ಡಪ್ಪನಿಂದ ತಿಂದ ಏಟುಗಳೆಲ್ಲ ನೆನಪಾಗಿ ನನಗೂ ಹುರುಪು ಬಂತು.

ಮೊದಲು ನಮ್ಮದೇ ಅಂಗಡಿಯ ತಂಪು ಕನ್ನಡಕ. ಒಂದೇ ಏಟಿಗೆ ಲೆನ್ಸು ಒಡೆಯಲಿಲ್ಲ, ಫ್ರೇಮಿನಿಂದ ಕಳಚಿಕೊಂಡು ಇಡಿಯಾಗಿ ಒಳಗೆ ಹೋಗಿ ದೊಡ್ಡಪ್ಪನ ಕಣ್ಣಿಗೇ ಬಡಿಯಿತು. “ಮಣಿ ಬಿದ್ದಿದ್ರೇ ವಾಸಿಯಿತ್ತು,” ಅಂದರು ಭಾವ. ಎಷ್ಟೋ ವರ್ಷದಿಂದ ಜನರಿಗೆ ಮಾರಿದ ಮಾಲು ಅದು. ಆಮೇಲೆ ಈಜುವವರು ಹಾಕುವ ಗಾಗಲ್ಸ್. ಅದು ನೀರಿಗಷ್ಟೇ, ಸೀಳು ಬಿಟ್ಟಿತು. ಆಮೇಲೆ ಲೋಹದ ಜಾಲರಿಯದ್ದು. ಅದಕ್ಕೆ ಆವಿ ಕೂರುವುದಿಲ್ಲ, ಗಾಳಿ ಆಡುತ್ತದೆ, ಆಡುವವರಲ್ಲಿ ಎಷ್ಟೋ ಜನಕ್ಕೆ ಅದೇ ಇಷ್ಟವಂತೆ. ನನಗೂ ಇಷ್ಟವಾಯಿತು. ಆದರೆ ಹತ್ತಿರದಿಂದ ಹೊಡೆದಾಗ ಮಣಿ ಜಾಲರಿಗೆ ಬಡಿದು ಚೂರಾಯಿತು, ಚೂರು ತೂತಿನಿಂದ ನುಗ್ಗಿ ಬಿಳಿ ಕಾಗದದಲ್ಲಿ ಚುಚ್ಚಿಕೊಂಡಿತು. ಭಾವ ಆ ಕಾಗದವನ್ನು ಬೆಳಕಿಗೆ ಹಿಡಿದರು. ಯಾವ ಕಲ್ಲು ಅವರ ನೆನಪಿಗೆ ಬಂತು ಎಂದು ನಾನು ಕೇಳಲಿಲ್ಲ.

ಕೊನೆಗೆ ಗೆದ್ದದ್ದು, ಹಣೆಯಿಂದ ಕೆನ್ನೆಯವರೆಗೆ ಸ್ಪಂಜಿನ ಅಂಚಿನಿಂದ ಮುಖಕ್ಕೆ ಕಚ್ಚಿಕೊಂಡು ಕೂರುವ, ಕಿವಿಗೆ ಕಡ್ಡಿಯಿಲ್ಲದೆ ತಲೆಯ ಸುತ್ತ ಪಟ್ಟಿ ಬಿಗಿಯುವ ಗಾಗಲ್ಸ್. ಲೆನ್ಸಿನ ಮೂಲೆಯಲ್ಲಿ ಪೆಟ್ಟಿನ ಪರೀಕ್ಷೆಯಾಗಿದೆ ಎನ್ನುವ ಗುರುತು. ನಾನು ಎಷ್ಟು ಹತ್ತಿರ ಹೋಗಿ ಹೊಡೆದರೂ ದೊಡ್ಡಪ್ಪ ಕಣ್ಣು ಮಿಟುಕಿಸಲಿಲ್ಲ. ಮಗಳಿಗೆ ಅದರೊಳಗೆ ಕೂರುವ ಹಾಗೆ ಅವಳ ಪವರಿನ ಪುಟ್ಟ ಲೆನ್ಸುಗಳನ್ನು ಭಾವ ತಾವೇ ಸಾಣೆ ಹಿಡಿದು ಕೂರಿಸಿದರು. “ಗಾಗಲ್ಸಿನ ಹೊರಗಡೆ ಒರೆಸಬಹುದು,” ಎಂದು ನಮ್ಮಿಬ್ಬರಿಗೂ ಪಾಠ ಹೇಳಿದರು. “ಒಳಗಡೆ ಆವಿ ಕೂರದ ಹಾಗೆ ಒಂದು ಲೇಪ ಇರುತ್ತೆ. ಅದನ್ನ ಯಾವ ಕಾರಣಕ್ಕೂ ಉಜ್ಜಬಾರದು. ಉಜ್ಜಿದ್ರೆ ಲೇಪ ಹೋಯ್ತು, ಲೇಪ ಹೋದ್ರೆ ಆಟದ ಮಧ್ಯೆ ಮಂಜು ಕೂತು ಏನೂ ಕಾಣಲ್ಲ. ಆಗ ಜನ ಏನು ಮಾಡ್ತಾರೆ? ಗಾಗಲ್ಸ್ ತೆಗೀತಾರೆ. ಮೂರ್ಖರು! ಕಣ್ಣು ಕಳ್ಕೊಳ್ಳೋದೇ ಹಾಗೆ.”

ಮಗಳು ಗಾಗಲ್ಸನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ತನ್ನ ಕಪಾಟಿನಲ್ಲಿಟ್ಟು, ಬೀಗ ಹಾಕಿದಳು. “ನಿನ್ನ ಕೈಗೆ ಸಿಗಬಾರದು,” ಅಂದಳು ಅಪ್ಪನಿಗೆ. ಎಲ್ಲರೂ ನಕ್ಕೆವು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಭಾವ ತಮಗೂ ಒಂದು ತರಿಸಿಕೊಂಡರು. ಊಟಕ್ಕೆ ಕೂತಾಗ, “ಭಾನುವಾರ ನಾನೂ ಬರ್ತೀನಿ,” ಅಂದರು.

ಅಕ್ಕನ ಕೈಯಿಂದ ಸೌಟು ಪಾತ್ರೆಯೊಳಗೆ ಬಿತ್ತು. “ರೀ, ನಿಮಗೇನು ತಲೆಗಿಲೆ ಕೆಟ್ಟಿದೆಯಾ?”

“ಅಲ್ಲಿ ಬರೀ ಧೂಳು ಅಪ್ಪ,” ಅಂದಳು ಮಗಳು ತಕ್ಷಣ.

“ಧೂಳಿಗೇ ಅಲ್ವಾ ಗಾಗಲ್ಸು.”

“ಎಲ್ಲಾ ನನ್ನ ವಯಸ್ಸಿನವರು. ನಿಂಗೆ ಬೇಜಾರಾಗುತ್ತೆ.”

“ಹೇಳಿಬಿಡಮ್ಮ, ಮುದುಕ ಅಪ್ಪನನ್ನ ಕರ್ಕೊಂಡು ಹೋಗೋಕೆ ನಾಚಿಕೆ ಅಂತ.”

ಮಗಳು ಏನೋ ಹೇಳಲು ಹೋಗಿ ತುಟಿ ಕಚ್ಚಿಕೊಂಡಳು. ನನಗೆ ಸಿಟ್ಟು ಬಂತು. ಹೆತ್ತವರ ಬಗ್ಗೆ ಈ ಕಾಲದ ಮಕ್ಕಳಿಗೆ ಗೌರವ ಇಲ್ಲ ಎಂದು ನನಗೆ ತಿಳಿದಷ್ಟು ಉಪದೇಶ ಮಾಡಿದೆ. ಅವಳು ನನ್ನನ್ನು ಎಷ್ಟು ತಾಳ್ಮೆಯಿಂದ ನೋಡಿದಳೆಂದರೆ ನನ್ನ ಉಪದೇಶಕ್ಕೇ ಮುಜುಗರವಾಯಿತು.

ಆಮೇಲೆ ಅಡುಗೆಮನೆಯಲ್ಲಿ ಅಕ್ಕ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ನಾನು ಬಾಗಿಲ ಬಳಿ ನಿಂತು ಯಾರೂ ಒಳಗೆ ಬರದ ಹಾಗೆ ನೋಡಿಕೊಂಡೆ, ಹಾಗಾಗಿ ಎಲ್ಲವೂ ಕೇಳಿಸಿತು.

“ಇರೋದೊಂದು ಕಣ್ಣು ಇಟ್ಕೊಂಡು ಗುಂಡು ಹಾರೋ ಕಡೆ ಹೋಗ್ತೀರಾ? ಅದೂ ಹೋದ್ರೆ ಅಂಗಡಿ ಗತಿಯೇನು? ನನ್ನ ಗತಿಯೇನು?”

“ಆ ಗಾಗಲ್ಸ್ ಆರಿಸಿದ್ದು ನಾನು ಕಣೇ,” ಅಂದರು ಭಾವ ತಗ್ಗಿದ ದನಿಯಲ್ಲಿ. “ಅವಳ ಕಣ್ಣಿಗೆ ಸಾಕು ಅಂತ ಕೊಟ್ಟಿದ್ದೀನಿ. ನನ್ನ ಕಣ್ಣಿಗೆ ಸಾಲದು ಅಂದ್ರೆ ಏನರ್ಥ? ಅನುಮಾನ ಇರೋದನ್ನ ಮಗಳ ಮುಖಕ್ಕೆ ಕಟ್ಟಿದೆ ಅಂತಾಯ್ತಲ್ಲ.”

ಅಕ್ಕ ಸಿಟ್ಟಿಗೆ ನನ್ನ ಕಡೆ ತಿರುಗಿ, “ನೀನೂ ಜೊತೆಗೆ ಹೋಗು. ಇವರಿಗೆ ಏನಾದರೂ ಆದ್ರೆ ನಿನ್ನನ್ನ ಮನೆಗೆ ಸೇರಿಸಲ್ಲ,” ಅಂದಳು.

ಆ ವಾರವೆಲ್ಲ ಭಾವ ತಮ್ಮ ಗಾಗಲ್ಸನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೇ ಇಟ್ಟುಕೊಂಡಿದ್ದರು. ಬಂದ ಗಿರಾಕಿಗಳಿಗೆಲ್ಲ ತೋರಿಸಿದರು. ತೋರಿಸುತ್ತ, ಒಳಗಿನ ಲೇಪವನ್ನು ಉಜ್ಜಬಾರದು ಎಂದು ಗಟ್ಟಿಯಾಗಿ ವಿವರಿಸುತ್ತ, ಜೇಬಿನ ಬಟ್ಟೆಯಿಂದ ಒಳಗೂ ಹೊರಗೂ ನಯವಾಗಿ ಒರೆಸುತ್ತಿದ್ದರು. ಗಿರಾಕಿಗಳು ಮುಟ್ಟಿ ಬೆರಳಿನ ಗುರುತು ಮಾಡುತ್ತಿದ್ದರಲ್ಲ, ಸುಮ್ಮನೆ ಬಿಡಲಾದೀತೇ? ನಾನು ಅಲ್ಲೇ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಆ ಕೈ ಒರೆಸುವುದನ್ನು ಎಷ್ಟು ವರ್ಷಗಳಿಂದ ನೋಡಿದ್ದೇನೆಂದರೆ ಅದು ಉಸಿರಾಡುವುದನ್ನು ನೋಡಿದ ಹಾಗೆ. ಕಣ್ಣೆದುರಿಗಿದ್ದರೂ ಕಾಣಲಿಲ್ಲ.

ಭಾನುವಾರ ಕಾರ್ಖಾನೆಯ ಗೇಟಿನಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬ ದಪ್ಪ ಮನುಷ್ಯ ನಿಯಮ ಹೇಳಿದ. ಒಳಗೆ ಕಾಲಿಟ್ಟ ಮೇಲೆ ಸೀಟಿ ಊದಿ ಆಟ ನಿಲ್ಲಿಸುವವರೆಗೆ ಗಾಗಲ್ಸ್ ತೆಗೆಯುವಂತಿಲ್ಲ. ಏನೂ ಕಾಣದಿದ್ದರೆ ನಿಂತಲ್ಲೇ ಕೂತು ಕೈಯೆತ್ತಿ ಕೂಗಬೇಕು. ಭಾವ ಪ್ರತಿ ಮಾತಿಗೂ ಹೂಂಗುಟ್ಟಿದರು. ಅವನ ಕನ್ನಡಕದ ಕಡೆಗೆ ಕೈ ಹೋಗುತ್ತಿತ್ತು, ಮಗಳು ಹಿಡಿದುಕೊಂಡಳು.

“ಅಪ್ಪ, ನನ್ನ ಪಕ್ಕ ಬಿಟ್ಟು ಅಲ್ಲಾಡಬಾರದು,” ಎಂದು ಹೇಳಿ ಎಡಗಡೆಗೆ ಬಂದು ನಿಂತಳು. ನಾನಾಗಲೇ ಆ ಕಡೆಯಿಂದ ಸರಿದಿದ್ದೆ, ಪಕ್ಕೆ ಉಳಿಯಿತು.

ಆಟ ಶುರುವಾಯಿತು. ನನ್ನ ಹೊಟ್ಟೆಗೆ ಸರಿಹೊಂದುವ ಕಂಬ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಮೊದಲ ಮಣಿಯೇ ಕಂಬದಾಚೆ ಉಳಿದ ಭಾಗಕ್ಕೆ ಬಿತ್ತು. ಕೈಯೆತ್ತಿ “ತಗುಲಿತು” ಅಂದು, ಬಲೆಯ ಹಿಂದೆ ಔಟಾದವರಿಗೆ ಹಾಕಿದ್ದ ಬೆಂಚಿನಲ್ಲಿ ಗಾಗಲ್ಸ್ ಸಮೇತ ಕೂತೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಭಾವನೂ ಮಗಳೂ ತುಕ್ಕು ಹಿಡಿದ ದೊಡ್ಡ ಒಲೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಭಾವ ಬಂದೂಕು ಹಿಡಿದಿದ್ದ ಗತ್ತು ನೋಡಬೇಕಿತ್ತು! ಒಂದು ಕಣ್ಣು ಮುಚ್ಚಿ ಗುರಿಯಿಡುವ ಆಟದಲ್ಲಿ ಅವರಿಗೆ ಮುಚ್ಚುವ ಕಷ್ಟವೇ ಇರಲಿಲ್ಲ. ಇಬ್ಬರನ್ನು ಉರುಳಿಸಿದರು. ಮಗಳು ಭುಜ ತಟ್ಟಿದಳು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಖುಷಿಗೆ ಮೈ ಬೆವರಿತು, ಉಸಿರು ಬಿಸಿಯಾಯಿತು. ಭಾವನ ಗಾಗಲ್ಸ್ ಬೆಳ್ಳಗಾಗತೊಡಗಿತು. ಎರಡು ಕಣ್ಣಿದ್ದವರು ಮಂಜಿನ ನಡುವೆ ಎಲ್ಲೋ ಒಂದು ಸಂದಿ ಹುಡುಕಿಕೊಳ್ಳುತ್ತಾರೆ. ಭಾವನಿಗೆ ಮಂಜು ಕೂತರೆ ಲೋಕವೇ ಆರಿಹೋದ ಹಾಗೆ. ಭಾವ ನೆಟ್ಟಗೆ ಎದ್ದು ನಿಂತರು. ಎರಡೂ ಕೈಯಿಂದ ಗಾಗಲ್ಸ್ ಕಳಚಿದರು. ‘ಹಾ’ ಅಂದರು. ಜೇಬಿನಿಂದ ಬಟ್ಟೆ ತೆಗೆದು ಒಳಗಡೆ ನಾಲ್ಕು ಉಜ್ಜು ಉಜ್ಜಿದರು. ಬೆಳಕಿಗೆ ಹಿಡಿದು ನೋಡಬೇಕಲ್ಲ, ಕಿಟಕಿ ಇದ್ದದ್ದು ಒಲೆಯಾಚೆ, ಎದುರು ತಂಡದವರ ಕಡೆಗೆ. ಮರೆ ಬಿಟ್ಟು ಎರಡು ಹೆಜ್ಜೆ ಹೊರಗೆ ಬಂದು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಹಾಗೇ ನಿಂತು, ಗಾಗಲ್ಸನ್ನು ಮೇಲೆತ್ತಿ ಬಲಗಣ್ಣು ಕಿರಿದು ಮಾಡಿ ನೋಡಿದರು. ಇದಕ್ಕೆಂದು ತಿಂಗಳುಗಟ್ಟಲೆ ಕೂತು ಗಾಗಲ್ಸ್ ಆರಿಸಿದ್ದ ಮನುಷ್ಯ!

ಆ ತುದಿಯಲ್ಲಿದ್ದವರಿಗೆ ಕಂಡದ್ದು ಧೂಳಿನ ನಡುವೆ ಮರೆಯಿಂದ ಎದ್ದು ಬಂದ ಒಂದು ಕಪ್ಪು ಆಕಾರ. ಬರಿಗಣ್ಣು ಅವರಿಗೆ ಕಾಣಲಿಲ್ಲ. ಬಂದೂಕುಗಳು ಒಟ್ಟಿಗೆ ಎದ್ದವು. ನಾನು ಅರಚಿದೆ, ಯಾರಿಗೂ ಕೇಳಲಿಲ್ಲ. ಮಗಳು ಒಲೆಯ ಮರೆಯಿಂದ ಹಾರಿ ಬಂದಳು. ಬಂದೂಕುಗಳಿಗೆ ಬೆನ್ನು ಕೊಟ್ಟು, ಎರಡೂ ಅಂಗೈಗಳಿಂದ ಅಪ್ಪನ ಕಣ್ಣು ಮುಚ್ಚಿ, ಹಣೆಗೆ ಹಣೆ ಒತ್ತಿ ನಿಂತಳು. ಮಣಿಗಳು ಅವಳ ಬೆನ್ನಿಗೆ ಟಪಟಪ ಬಿದ್ದವು. ಆಮೇಲೆ ಸೀಟಿ ಕೇಳಿಸಿತು. ಬಂದೂಕುಗಳು ಕೆಳಗಿಳಿದವು.

“ಅಪ್ಪಾ!” ಅಂದಳು ಮಗಳು. “ಇರೋದೇ ಇದೊಂದು ಕಣ್ಣು. ಇದೂ ಹೋಗಿದ್ದಿದ್ರೆ?”

ಭಾವ ಅವಳ ಅಂಗೈಗಳ ಹಿಂದೆ ಅಲ್ಲಾಡದೆ ನಿಂತರು. “ಯಾರು ಹೇಳಿದ್ರು? ಅಮ್ಮನಾ? ಮಾವನಾ?”

ನಾನಲ್ಲ ಎಂದು ಬೆಂಚಿನಿಂದಲೇ ಕೈಯಾಡಿಸಿದೆ. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

“ಯಾರೂ ಹೇಳಿಲ್ಲ,” ಅಂದಳು. “ಡಾಕ್ಟರಾಟದಲ್ಲಿ ಒಂದು ದಿನ ನಿನ್ನ ಬಲಗಣ್ಣಿಗೆ ರಟ್ಟು ಮುಚ್ಚಿದ್ದೆ. ತಮಾಷೆಗೆ ಬೋರ್ಡು ತಿರುಗಿಸಿ ಹಾಕಿದ್ದೆ. ಹಿಂಭಾಗದಲ್ಲಿ ಏನೂ ಇರ್ಲಿಲ್ಲ ಅಪ್ಪ, ಬರೀ ಬಿಳಿ. ನೀನು ಕೊನೇ ಸಾಲಿನವರೆಗೂ ಒಂದಕ್ಷರ ತಪ್ಪದೆ ಓದಿದೆ.”

ಅವಳು ಒಂದೊಂದೇ ಬೆರಳು ಸಡಿಲಿಸಿ, ಗಾಗಲ್ಸನ್ನು ಅವರ ಕೈಯಿಂದ ಬಿಡಿಸಿಕೊಂಡು, ಮುಖಕ್ಕೆ ಹಾಕಿ, ಪಟ್ಟಿ ಬಿಗಿದಳು. ಸೀಟಿಯ ಮನುಷ್ಯ ಏದುಸಿರು ಬಿಡುತ್ತ ಓಡಿ ಬಂದ. ಬೈಯಬೇಕೋ ಬೇಡವೋ ತಿಳಿಯದೆ ರೂಢಿಯ ಪ್ರಶ್ನೆ ಕೇಳಿದ, “ಯಾರಿಗೆ ತಗುಲಿತು?”

ಮಗಳು ಕೈಯೆತ್ತಿದಳು.

ಭಾವನ ಮೈಗೆ ಒಂದು ಮಣಿಯೂ ತಾಗಿರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಅವರೂ ನಿಧಾನವಾಗಿ ಕೈಯೆತ್ತಿದರು.

“ನಿಮಗೆಲ್ಲಿಗೆ ಸಾರ್?”

“ಎಡಗಣ್ಣಿಗೆ,” ಅಂದರು ಭಾವ, ಇಡೀ ಕಾರ್ಖಾನೆಗೆ ಕೇಳುವ ಹಾಗೆ. “ಚಿಕ್ಕವನಿದ್ದಾಗ. ಹೇಳೋದು ಸ್ವಲ್ಪ ತಡವಾಯ್ತು.”

ಅಪ್ಪ ಮಗಳು ಬೆಂಚಿನ ಕಡೆಗೆ ನಡೆದು ಬಂದರು. ಅವಳು ಎಡಗಡೆಯಲ್ಲೇ ಇದ್ದಳು. ನಾನು ಬಲಗಡೆಗೆ ಸರಿದು ಜಾಗ ಮಾಡಿಕೊಟ್ಟೆ.